ಒಂಬತ್ತನೇ ನಂಬರಿನ ಎಣಿಕೆ

ಗಿರಣಿಗೆ ತನ್ನದೇ ಒಂದು ಹಾಕಿ ತಂಡ ಇದ್ದ ಕಾಲದ ಮಾತು. ಬಟ್ಟೆ ಗಿರಣಿ ಎಂದರೆ ಆಗ ಬರೀ ಬಟ್ಟೆಯಲ್ಲ. ಅದಕ್ಕೊಂದು ಆಸ್ಪತ್ರೆ, ಒಂದು ಶಾಲೆ, ಕೆಲಸಗಾರರ ಸಾಲುಮನೆಗಳು, ಸಾಲುಮನೆಗಳ ಬೆನ್ನಿಗೆ ಒಂದು ಮೈದಾನ. ಬಣ್ಣ ಹಾಕುವ ಶೆಡ್ಡಿನಿಂದ ಹೊರಟ ಚರಂಡಿ ಮೈದಾನದ ಒಂದು ಅಂಚಿಗೆ ಹರಿಯುತ್ತಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು, ಕೆಲವು ದಿನ ಹೆಸರಿಡಲಾಗದ ಯಾವುದೋ ಬಣ್ಣ. ಚೆಂಡು ಅದರಲ್ಲಿ ಬಿದ್ದರೆ ಆ ದಿನದ ಬಣ್ಣ ಹೊತ್ತುಕೊಂಡೇ ಮೇಲೆ ಬರುತ್ತಿತ್ತು. ಹೊರಗಿನಿಂದ ಆಡಲು ಬಂದ ತಂಡದವರು ಗುಲಾಬಿ ಚೆಂಡು ನೋಡಿ ಮೊದಲು ನಗುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಅವರ ಕಾಲುಚೀಲವೂ ಗುಲಾಬಿಯಾಗಿರುತ್ತಿತ್ತು.

ತಂಡದವರೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದ ಹೆಂಗಸಿಗೆ ಆಗ ಮೂವತ್ತೊಂದು ವರ್ಷ. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೇ, ಸೆಂಟರ್ ಫಾರ್ವರ್ಡ್ ಆಡುತ್ತಿದ್ದ ಕೊಕ್ಕರೆಗೆ. ಉದ್ದ ಕಾಲು, ಉದ್ದ ಕತ್ತು, ಚೆಂಡಿಗೆ ಕಾಯುವಾಗ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸ. ಆ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನು ಅವಳ ಗಂಡನ ತಮ್ಮ, ಮೂರು ಕೋಣೆಯ ಅದೇ ಸಾಲುಮನೆಯಲ್ಲಿ ಇದ್ದವನು. ಒಂದು ದಿನ ಮೈದಾನದ ನಡುವಿನಿಂದ “ಅತ್ತಿಗೇ, ನೀರು!” ಎಂದು ಕೂಗಿದ್ದೇ ತಡ, ತಂಡದ ಹದಿನಾರೂ ಜನಕ್ಕೆ ಅವಳು ಅತ್ತಿಗೆಯಾಗಿಬಿಟ್ಟಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಕೋಚ್ ಕೂಡ ಹಾಗೇ ಕರೆಯುತ್ತಿದ್ದ.

ಅತ್ತಿಗೆಯ ಕೆಲಸ ಗಿರಣಿಯ ತಪಾಸಣೆ ಕೋಣೆಯಲ್ಲಿ. ಅಲ್ಲಿ ಇಳಿಜಾರಾಗಿ ನಿಲ್ಲಿಸಿದ ಗಾಜಿನ ಮೇಜುಗಳು, ಗಾಜಿನ ಕೆಳಗೆ ದೀಪ. ಬಟ್ಟೆಯ ಥಾನು ಮೇಜಿನ ಮೇಲೆ ನಿಧಾನಕ್ಕೆ ಜಾರಿ ಬರುತ್ತಿತ್ತು. ನೂಲು ಕಡಿದದ್ದು, ಗಂಟು ಬಿದ್ದದ್ದು, ಎಣ್ಣೆ ಕಲೆ, ಎಲ್ಲಕ್ಕೂ ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಬೇಕು. ಯಾವ ಮಗ್ಗದ ಬಟ್ಟೆ ಅದು ಎಂದು ನೋಡುವವಳಿಗೆ ಗೊತ್ತಿರಬಾರದು. ಮಗ್ಗದ ನಂಬರಿನ ಚೀಟಿಯನ್ನು ಮಡಚಿ ಥಾನಿನ ಕೊನೆಯ ಮಡಿಕೆಯಲ್ಲಿ ಹೊಲಿದಿರುತ್ತಿದ್ದರು. ಎಣಿಕೆ ಮುಗಿದ ಮೇಲೆ ಹೊಲಿಗೆ ಬಿಚ್ಚಿ ನಂಬರು ನೋಡಿ ಪುಸ್ತಕದಲ್ಲಿ ಬರೆಯುವುದು. ನೇಯುವವರಲ್ಲಿ ಒಬ್ಬರು ಅಣ್ಣ, ಒಬ್ಬರು ಪಕ್ಕದ ಮನೆಯವರು, ಒಬ್ಬರು ಹಗೆ. ಮೊದಲೇ ಗೊತ್ತಾದರೆ ಕಣ್ಣು ಹದ ತಪ್ಪುತ್ತದೆ ಎಂದು ಹಿಂದಿನವರು ಯಾರೋ ಮಾಡಿಟ್ಟ ಪದ್ಧತಿ.

ಕೋಚ್ ನೇಯ್ಗೆ ಶೆಡ್ಡಿನ ಮೇಸ್ತ್ರಿ. ದಿನವೂ ಅವಳ ಎಣಿಕೆ ಪುಸ್ತಕ ನೋಡುತ್ತಿದ್ದವನಿಗೆ ಒಂದು ದಿನ ಏನು ಹೊಳೆಯಿತೋ, “ಅತ್ತಿಗೆ, ಬಟ್ಟೇಲಿ ಇಷ್ಟು ಚೆನ್ನಾಗಿ ತಪ್ಪು ಹುಡುಕ್ತೀಯಲ್ಲ, ನಮ್ಮ ಹುಡುಗರಲ್ಲೂ ಒಂದಿಷ್ಟು ಹುಡುಕಿಕೊಡು” ಎಂದ. ಮುಂದಿನ ಭಾನುವಾರ ಸಂಜೆ ನಾಲ್ಕರ ಆಟದಿಂದ ಅವಳು ಮೈದಾನದ ಬೆಂಚಿನ ಮೇಲೆ ರಟ್ಟಿನ ಹೊದಿಕೆಯ ಪುಸ್ತಕ ಹಿಡಿದು ಕೂತಳು. ಯಾವ ನಂಬರಿನವನು ಎಷ್ಟು ಸಲ ಚೆಂಡು ಕಳೆದುಕೊಂಡ, ಎಷ್ಟು ಸಲ ಎದುರಾಳಿಯಿಂದ ಕಿತ್ತುಕೊಂಡ, ಗೋಲಿಗೆ ಎಷ್ಟು ಹೊಡೆದ, ಎಷ್ಟು ಹೆಜ್ಜೆ ದೂರದಿಂದ ಹೊಡೆದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆಯುತ್ತಿದ್ದಳು. ಮೊದಮೊದಲು ಹುಡುಗರು ನಕ್ಕರು. ಆಮೇಲೆ ಆಟ ಮುಗಿದೊಡನೆ ನೀರಿಗಿಂತ ಮೊದಲು ಪುಸ್ತಕಕ್ಕೇ ಮುಗಿಬೀಳತೊಡಗಿದರು. “ಅತ್ತಿಗೆ, ನಂದು ಎಷ್ಟು?” “ಅತ್ತಿಗೆ, ಅದು ನಾನು ಕಳ್ಕೊಂಡಿದ್ದಲ್ಲ, ಇವನು ಕೊಟ್ಟಿದ್ದೇ ಸರಿ ಇರ್ಲಿಲ್ಲ.” ಬೆವರಿನ ವಾಸನೆ, ತುಳಿದ ಹುಲ್ಲಿನ ವಾಸನೆ, ಬಣ್ಣದ ಚರಂಡಿಯ ವಾಸನೆ, ಮೂರೂ ಸೇರಿದ ಆ ಸಂಜೆಗಳು ಅವಳ ಜೀವನದಲ್ಲಿ ಅತ್ಯಂತ ಸುಖದವು ಎಂದು ಅವಳಿಗೆ ಆಗ ತಿಳಿದಿರಲಿಲ್ಲ. ಸುಖ ಇರುವಾಗ ಅದು ಸುಖ ಅಂತ ಯಾರು ಬಂದು ಹೇಳುತ್ತಾರೆ?

ಆ ವರ್ಷ ಕೊಕ್ಕರೆಗೆ ಏನೋ ಆಯಿತು.

ಹಿಂದಿನ ವರ್ಷ ಹದಿನೇಳು ಗೋಲು ಹೊಡೆದವನು. ಅವನ ಅಪ್ಪನೂ ಇದೇ ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ತೊಟ್ಟು ಸೆಂಟರ್ ಫಾರ್ವರ್ಡ್ ಆಡಿದವರು; ಆ ಅಂಗಿ ತನ್ನ ಪಿತ್ರಾರ್ಜಿತ ಎಂಬಂತೆ ಕೊಕ್ಕರೆ ತೊಡುತ್ತಿದ್ದ. ಈ ವರ್ಷ ಹದಿಮೂರು ಆಟ ಮುಗಿದರೂ ಎರಡೇ ಗೋಲು. ಮೊದಲು ಸ್ಟಿಕ್ ಸರಿಯಿಲ್ಲ ಎಂದ, ಹೊಸ ಸ್ಟಿಕ್ ಬಂತು. ಆಮೇಲೆ ಮೈದಾನದ ಹುಲ್ಲು ಸರಿಯಿಲ್ಲ ಎಂದ. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದು ಅವನ ತಾಯಿಯೇ, ಅಂದರೆ ಅತ್ತಿಗೆಯ ಅತ್ತೆಯೇ, ತಟ್ಟೆಗೆ ಅನ್ನ ಬಡಿಸುತ್ತಾ ಹೇಳಿದರು. ಅವನು ಅರ್ಧ ಊಟ ಬಿಟ್ಟು ಎದ್ದ. ಅತ್ತಿಗೆಯ ಗಂಡ ಯಂತ್ರ ರಿಪೇರಿಯ ಫಿಟ್ಟರ್, ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡುವವನಲ್ಲ. ಅವನೂ ಅವತ್ತು “ಯಾಕಮ್ಮಾ?” ಎಂದು ಒಂದು ಮಾತು ಖರ್ಚು ಮಾಡಿದ.

ತಂಡದಲ್ಲಿದ್ದವರಿಗೆ ಮಗ್ಗದ ಮುಂದೆ ಅರ್ಧ ಪಾಳಿ ಮಾತ್ರ; ಉಳಿದರ್ಧ ಹೊತ್ತು ಮೈದಾನ. ತಂಡದಿಂದ ಬಿದ್ದವನು ಮಾರನೇ ದಿನದಿಂದಲೇ ಪೂರ್ತಿ ಪಾಳಿಗೆ ಹೋಗಬೇಕು. ಆ ಹದಿನಾರು ಜಾಗಗಳ ಪಟ್ಟಿ ಕಾರ್ಮಿಕ ಕಚೇರಿಯ ಮ್ಯಾನೇಜರ್ ಕೈಯಲ್ಲಿತ್ತು. ಅವರು ಬೇರೆ ಗಿರಣಿಯಿಂದ ಒಬ್ಬ ಹೊಸ ಫಾರ್ವರ್ಡ್ ಆಟಗಾರನನ್ನು ನೋಡಿಟ್ಟುಕೊಂಡಿದ್ದರು. ಹದಿನಾರನೇ ಆಟ ಮುಗಿದ ವಾರ ಸಭೆ, ಯಾರು ಉಳಿಯಬೇಕು ಯಾರು ಹೋಗಬೇಕು ಎಂದು ಅಲ್ಲಿ ತೀರ್ಮಾನ. ಕೋಚ್ ತಪಾಸಣೆ ಕೋಣೆಗೆ ಬಂದು ಮೇಜಿಗೆ ಒರಗಿ ನಿಂತ.

“ಗೋಲು ಒಂದನ್ನ ಬಿಟ್ಟು ಉಳಿದದ್ದು ಏನು ಹೇಳುತ್ತೆ ನಿನ್ನ ಪುಸ್ತಕ? ಇರೋದು ಇದ್ದ ಹಾಗೆ ಹೇಳು. ಮೈದುನ ಅಂತ ನನಗೆ ಬೆಣ್ಣೆ ಹಚ್ಚಬೇಡ.”

“ಮೂರು ದಿನ ಕೊಡಿ” ಎಂದಳು ಅತ್ತಿಗೆ.

ಎರಡು ವರ್ಷದ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಳು. ಹಿಂದಿನ ವರ್ಷ ಕೊಕ್ಕರೆ ಗೋಲಿಗೆ ಹೊಡೆದದ್ದು ಅರವತ್ತೆಂಟು ಸಲ, ಒಳಗೆ ಹೋದದ್ದು ಹದಿನೇಳು, ನಾಲ್ಕಕ್ಕೆ ಒಂದು. ಈ ವರ್ಷ ನಲವತ್ತೊಂದು ಸಲ ಹೊಡೆದಿದ್ದ. ಅದೇ ಲೆಕ್ಕದಲ್ಲಿ ಹತ್ತಾದರೂ ಹೋಗಬೇಕಿತ್ತು. ಎಂಟು ಹೋಗಿದ್ದರೆ, ಏಳು ಹೋಗಿದ್ದರೆ, ಅದೃಷ್ಟ ಕೈಕೊಟ್ಟಿತು ಎನ್ನಬಹುದಿತ್ತು. ಗೋಲ್‌ಕೀಪರ್ ಕಾಲಿಗೆ ತಾಗಿದ್ದು, ಕಂಬಕ್ಕೆ ಬಡಿದದ್ದು ಯಾರಿಗೂ ಇದ್ದದ್ದೇ. ಆದರೆ ಎರಡು ಎಂದರೆ ಅದು ಅದೃಷ್ಟದ ಮಾತಲ್ಲ. ಬೆರಳಿಟ್ಟುಕೊಂಡು ದೂರದ ಸಾಲನ್ನು ಓದಿದಳು. ಹಿಂದಿನ ವರ್ಷ ಅವನು ಹೊಡೆಯುತ್ತಿದ್ದದ್ದು ಗೋಲಿನಿಂದ ಆರೇಳು ಹೆಜ್ಜೆ ದೂರದಲ್ಲಿ. ಈ ವರ್ಷ ಹನ್ನೆರಡು, ಹದಿಮೂರು. ಹತ್ತಿರ ಹೋಗುವಷ್ಟರಲ್ಲಿ ಎದುರಾಳಿ ಮುಂದೆ ಬಂದುಬಿಡುತ್ತಿದ್ದ. ಇವನು ಸಿಕ್ಕಲ್ಲಿಂದಲೇ ಹೊಡೆದುಬಿಡುತ್ತಿದ್ದ. ಒಂದು ಹೆಜ್ಜೆ ನಿಧಾನವಾಗಿದ್ದ, ಅಷ್ಟೇ. ಒಂದೇ ಹೆಜ್ಜೆ.

ಯಾಕೆ ಎಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಬಚ್ಚಲುಮನೆಯಿಂದ ಬರುವಾಗ ಅವನು ಗೋಡೆಗೆ ಅಂಗೈ ಊರಿ ಒಂದು ಗಳಿಗೆ ನಿಲ್ಲುವುದನ್ನು, ಬಲ ಮೊಣಕಾಲಿಗೆ ಪಟ್ಟಿ ಬಿಗಿದು ಅದರ ಮೇಲೆ ಕಾಲುಚೀಲ ಎಳೆದುಕೊಳ್ಳುವುದನ್ನು ಅವಳು ನೋಡಿದ್ದಳು. ಒಂದು ಸಲ ಅವನು ತಿರುಗಿ ನೋಡಿದ. ಅವಳು ಒಲೆಯ ಕಡೆ ತಿರುಗಿದಳು.

ಅದನ್ನು ಅವಳು ಬರೆಯಲಿಲ್ಲ. ಮನೆಯಲ್ಲಿ ಕಂಡದ್ದನ್ನು ಮೈದಾನದ ಪುಸ್ತಕದಲ್ಲಿ ಬರೆಯಬಾರದು.

ಮೂರನೆಯ ಸಾಲು ನೋಡುವಾಗ ಮಾತ್ರ ಅವಳ ಬೆನ್ನು ನೆಟ್ಟಗಾಯಿತು. ಎದುರಾಳಿಯಿಂದ ಚೆಂಡು ಕಿತ್ತುಕೊಂಡದ್ದರಲ್ಲಿ ಇಡೀ ತಂಡಕ್ಕೆ ಮೊದಲಿಗ ಕೊಕ್ಕರೆ! ಆಟಕ್ಕೆ ಹದಿನಾಲ್ಕು ಸಲ. ಅದೇ ಕೆಲಸಕ್ಕೆಂದೇ ಮಧ್ಯದಲ್ಲಿ ಆಡುವ ಐದನೇ ನಂಬರಿನವನದ್ದು ಹತ್ತು. ಮುಂದೆ ಚೆಂಡು ಕಳೆದುಕೊಂಡ ಸಿಟ್ಟಿಗೆ ಕೊಕ್ಕರೆ ಹಿಂದಕ್ಕೆ ಓಡಿಬಂದು, ಉದ್ದ ಕೈ ಚಾಚಿ, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಚೆಂಡು ಸೆಳೆದುಕೊಳ್ಳುತ್ತಿದ್ದ. ಅದಕ್ಕೆ ವೇಗ ಬೇಕಿರಲಿಲ್ಲ, ಎಲ್ಲಿ ನಿಲ್ಲಬೇಕು ಎಂಬ ಬುದ್ಧಿ ಬೇಕಿತ್ತು. ಇವನನ್ನು ಹಿಂದೆ, ಹಾಫ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರೆ? ಅವಳು ಪುಸ್ತಕ ಎದೆಗವಚಿಕೊಂಡು ಕೋಚ್ ಬಳಿ ಓಡಿದಳು. ಅಲ್ಲಿ ಮ್ಯಾನೇಜರೂ ಇದ್ದರು. ಅಂಕಿ ಕೇಳಿ ಅವರು ನಕ್ಕರು. ಕೆಟ್ಟ ನಗೆಯೇನಲ್ಲ.

“ನೋಡಮ್ಮಾ, ನೀನು ಸುಳ್ಳು ಹೇಳ್ತೀಯ ಅಂತ ನಾನು ಹೇಳೋದಿಲ್ಲ. ಆದ್ರೆ ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ. ನೀನು ಹೆತ್ತಿಲ್ಲ, ಸಾಕಿದ್ದೀಯ, ಅಷ್ಟೇ ವ್ಯತ್ಯಾಸ.”

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಹೇಳಿ, “ನೀವೇ ಹೇಳಿ, ನಾನು ಹಾಗೆ ಮಾಡ್ತೀನಾ?” ಎಂದು ಕೇಳಿದಳು. ಅವನು ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

“ಬೇಕಂತ ಮಾಡಲ್ಲ” ಎಂದ. ಸರಪಳಿಯನ್ನು ಒಂದು ಸುತ್ತು ತಿರುಗಿಸಿ, “ಆಟ ನಡೀವಾಗ ನೀನು ಬೇರೆಯವರನ್ನ ನೋಡೋದು ನಾನು ಕಂಡಿಲ್ಲ” ಎಂದ.

ಆ ಮಾತು ಮುಳ್ಳಿನ ಹಾಗೆ ನಾಟಿತು. ಮಾರನೇ ದಿನ ಗಾಜಿನ ಮೇಜಿನ ಮುಂದೆ ನಿಂತು ಥಾನು ಎಳೆಯುತ್ತಾ ಎಳೆಯುತ್ತಾ, ಚೀಟಿಯ ಹೊಲಿಗೆ ಬಿಚ್ಚುವಾಗ, ಏನು ಮಾಡಬೇಕೆಂದು ಅವಳಿಗೆ ಹೊಳೆಯಿತು.

ಪಕ್ಕದ ಮೇಜಿಗೆ ನಾಲ್ಕು ತಿಂಗಳ ಹಿಂದೆ ಒಬ್ಬಳು ಹೊಸದಾಗಿ ಬಂದಿದ್ದಳು. ಕೂದಲೆಳೆಯಷ್ಟು ತಪ್ಪನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಹದ್ದು ಎನ್ನುತ್ತಿದ್ದರು. ಊರಿನ ಇನ್ನೊಂದು ತುದಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಮೈದಾನ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ, ತಂಡದ ಒಬ್ಬನ ಮುಖವನ್ನೂ ನೋಡಿರಲಿಲ್ಲ.

“ಮೂರು ಭಾನುವಾರ ನನಗೋಸ್ಕರ ಬರ್ತೀಯಾ?” ಎಂದು ಕೇಳಿದಳು ಅತ್ತಿಗೆ.

“ಹಾಕಿ ಅಂದ್ರೆ ನನಗೆ ಏನೂ ಗೊತ್ತಿಲ್ಲ ಅಕ್ಕಾ.”

“ಅದಕ್ಕೇ ನಿನ್ನ ಕರೀತಿರೋದು.”

ಏನು ಎಣಿಸಬೇಕು ಎಂದು ಹೇಳಿಕೊಟ್ಟಳು. ಎದುರು ಬಣ್ಣದವನ ಹತ್ತಿರ ಇದ್ದ ಚೆಂಡು ನಮ್ಮ ಬಣ್ಣದವನ ಸ್ಟಿಕ್ಕಿಗೆ ಬಂದರೆ ಅವನ ಬೆನ್ನಿನ ನಂಬರಿಗೆ ಒಂದು ಗೀಟು. ಅಷ್ಟೇ. ಯಾರ ವಿಷಯಕ್ಕೆ ಇದೆಲ್ಲ ಎಂದು ಹೇಳಲಿಲ್ಲ. ಹದ್ದನ್ನು ಮೈದಾನದ ಆ ತುದಿಯಲ್ಲಿ ಕೂರಿಸಿ ತಾನು ಈ ತುದಿಯಲ್ಲಿ ಕೂತಳು. ಮೊದಲ ಆಟ ಮುಗಿದ ಮೇಲೆ ಹದ್ದು ಗಂಭೀರವಾಗಿ ಬಂದು, “ಅಕ್ಕಾ, ಆ ಸೀಟಿ ಊದೋನಿದ್ದಾನಲ್ಲ, ಪೂರ್ತಿ ಹೊತ್ತು ಓಡಿದ್ದೇ ಓಡಿದ್ದು, ಒಂದ್ಸಲಾನೂ ಚೆಂಡು ಮುಟ್ಲಿಲ್ಲ. ಯಾರನ್ನಾದ್ರೂ ತೆಗೀಬೇಕು ಅಂದ್ರೆ ಮೊದ್ಲು ಅವನನ್ನೇ ತೆಗೀರಿ” ಎಂದಳು. ಪಕ್ಕದಲ್ಲೇ ನೀರು ಕುಡಿಯುತ್ತಿದ್ದ ಅಂಪೈರ್‌ಗೆ ನೀರು ನೆತ್ತಿಗೇರಿತು.

ಮೂರು ಆಟಗಳು ಮುಗಿದ ಮೇಲೆ ಇಬ್ಬರೂ ಕ್ಯಾಂಟೀನಿನ ಮೂಲೆಯಲ್ಲಿ ಚಹಾ ಮುಂದಿಟ್ಟುಕೊಂಡು ಗೀಟುಗಳನ್ನು ಕೂಡಿಸಿದರು. ಒಂಬತ್ತನೇ ನಂಬರಿಗೆ ಅತ್ತಿಗೆಯ ಎಣಿಕೆ ನಲವತ್ಮೂರು. ಹದ್ದಿನ ಎಣಿಕೆ ಮೂವತ್ಮೂರು. ಐದನೇ ನಂಬರಿಗೆ ಅತ್ತಿಗೆಯದು ಮೂವತ್ತು, ಹದ್ದಿನದು ಮೂವತ್ತೈದು.

ಅತ್ತಿಗೆ ಎರಡನೇ ಸಲ ಕೂಡಿಸಿದಳು. ಮೂರನೇ ಸಲ ಕೂಡಿಸಿದಳು. ಚಹಾದ ಮೇಲೆ ಕೆನೆ ಕಟ್ಟಿತು.

“ನಾನು ತಪ್ಪು ಮಾಡಿದ್ನಾ ಅಕ್ಕಾ?” ಎಂದು ಹದ್ದು ಕೇಳಿದಳು.

“ನೀನಲ್ಲ” ಎಂದಳು ಅತ್ತಿಗೆ.

ಹತ್ತು ಗೀಟು. ಮೂರು ಆಟದಲ್ಲಿ ಮೈದುನನಿಗೆ ಅವಳ ಕಣ್ಣು ಹತ್ತು ಗೀಟು ಹೆಚ್ಚು ಕೊಟ್ಟಿತ್ತು. ಅವನು ಚೆಂಡಿನ ಬಳಿ ಓಡಿದರೆ ಸಾಕು ಕಿತ್ತುಕೊಂಡ ಎಂದು ಬರೆದಿತ್ತು. ಐದನೆಯವನು ನಿಜಕ್ಕೂ ಕಿತ್ತುಕೊಂಡಾಗ ಮೈದುನನೆಲ್ಲಿ ಎಂದು ಹುಡುಕುತ್ತಿತ್ತು. ಅವಳು ಒಂದೂ ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದಳು. ಕಂಡದ್ದೇ ಹಾಗೆ.

ಸಭೆಯ ದಿನ ಮ್ಯಾನೇಜರ್ ಕೋಣೆಯಲ್ಲಿ ಐದು ಕುರ್ಚಿ, ಗೋಡೆಯ ಮೇಲೆ ಹಳೆಯ ತಂಡಗಳ ಫೋಟೋ. ಅವುಗಳಲ್ಲೊಂದರಲ್ಲಿ ಅವಳ ಮಾವ ಒಂಬತ್ತನೇ ನಂಬರಿನ ಅಂಗಿ ತೊಟ್ಟು ಎದೆಯುಬ್ಬಿಸಿ ನಿಂತಿದ್ದರು. ಅತ್ತ ನೋಡದೆ ಅವಳು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

“ಇದು ನಾನು ಎಣಿಸಿದ್ದು. ಇದು ಗುರುತು ಪರಿಚಯ ಇಲ್ಲದವಳು ಎಣಿಸಿದ್ದು. ನನ್ನದು ಬಿಟ್ಟುಬಿಡಿ, ಅವಳದ್ದು ತಗೊಳ್ಳಿ. ಅವನು ತಂಡಕ್ಕೆ ಮೊದಲಿಗ ಅಂತ ನಾನು ಹೇಳಿದ್ದು ತಪ್ಪು. ಎರಡನೆಯವನು. ಆಟಕ್ಕೆ ಹನ್ನೊಂದು. ಉಳಿದವರು ಯಾರೂ ಎಂಟು ದಾಟಿಲ್ಲ.” ಮುಂದಿನದನ್ನೂ ಹೇಳಿದಳು. “ಸೆಂಟರ್ ಫಾರ್ವರ್ಡ್ ಆಗಿ ಅವನಿಂದ ಇನ್ನು ಆಗಲ್ಲ. ಹತ್ತಿರ ಹೋಗಿ ಹೊಡೆಯೋದು ಆಗ್ತಿಲ್ಲ. ಅದೂ ಪುಸ್ತಕದಲ್ಲಿದೆ.”

ಮ್ಯಾನೇಜರ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅವತ್ತು ನಗಲಿಲ್ಲ. “ತನ್ನ ತಪ್ಪನ್ನ ತಾನೇ ಹುಡುಕಿ ತಂದುಕೊಟ್ಟೋರನ್ನ ಈ ಕೋಣೇಲಿ ನಾನು ಮೊದಲ ಸಲ ನೋಡ್ತಿದ್ದೀನಿ” ಎಂದರು. ಎಡ ಹಾಫ್ ಬ್ಯಾಕ್ ಆಡುತ್ತಿದ್ದ ಹಿರಿಯ ಈ ವರ್ಷಕ್ಕೆ ತನಗೆ ಸಾಕು ಎಂದು ಆಗಲೇ ಹೇಳಿದ್ದಾನೆ, ಆ ಜಾಗಕ್ಕೆ ಕೊಕ್ಕರೆಯನ್ನು ನಿಲ್ಲಿಸೋಣ ಎಂದ ಕೋಚ್. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹೊಸ ಫಾರ್ವರ್ಡ್‌ಗೆ ಒಂಬತ್ತನೇ ನಂಬರು, ಕೊಕ್ಕರೆಗೆ ಆರು.

ಅವನು ಕುಣಿದಾಡುತ್ತಾನೆ ಎಂದೇನೂ ಅತ್ತಿಗೆ ಅಂದುಕೊಂಡಿರಲಿಲ್ಲ. ಆದರೆ ಅವನು ಸಿಟ್ಟಾದದ್ದು ಅವಳು ಊಹಿಸಿರದ ಕಾರಣಕ್ಕೆ. ಸಂಜೆ ಬಾಗಿಲಲ್ಲೇ ನಿಂತು ಕೇಳಿದ.

“ಅಪ್ಪನ ಅಂಗಿ ಹೋಯ್ತು, ಹೋಗ್ಲಿ. ಹೊರಗಿನವಳೊಬ್ಬಳನ್ನ ಕರ್ಕೊಂಡು ಬಂದು ನನ್ನ ಎಣಿಸಿದ್ರಾ ಅತ್ತಿಗೆ? ನಿಮಗೆ ನಿಮ್ಮ ಕಣ್ಣಿನ ಮೇಲೇ ನಂಬಿಕೆ ಇಲ್ವಾ?”

“ನಿನ್ನ ಮೇಲೆ ಪ್ರೀತಿ ಇದೆ ಕಣೋ. ಅದಕ್ಕೇ ಕಣ್ಣಿನ ಮೇಲೆ ನಂಬಿಕೆ ಇಲ್ಲ.”

ಆ ಮಾತು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅಂದಿನಿಂದ ಹತ್ತೊಂಬತ್ತು ದಿನ ಅವನು ಅತ್ತಿಗೆಯೊಡನೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಊಟದ ಮೇಜು. “ಅಮ್ಮಾ, ಉಪ್ಪು ಕೊಡೋಕೆ ಹೇಳು.” ಉಪ್ಪು ಅತ್ತಿಗೆಯ ಕೈಯಳತೆಯಲ್ಲೇ ಇರುತ್ತಿತ್ತು. ಅತ್ತೆ ಮೊದಲೆರಡು ದಿನ ಇಬ್ಬರ ನಡುವೆ ಅಂಚೆಯವನ ಕೆಲಸ ಮಾಡಿದರು. ಮೂರನೇ ದಿನ, “ನನಗೂ ವಯಸ್ಸಾಯ್ತು, ಹೇಳಿದ್ದು ಮರೆತುಹೋಗುತ್ತೆ. ಅವನು ಕೇಳಿದ್ದು ಉಪ್ಪೋ ಕ್ಷಮಾಪಣೆಯೋ ನನಗೆ ನೆನಪಿಲ್ಲ” ಎಂದುಬಿಟ್ಟರು. ಅಂದಿನಿಂದ ಕೊಕ್ಕರೆ ಉಪ್ಪಿಲ್ಲದೆ ಉಂಡ.

ಮೈದಾನದಲ್ಲಿ ಮಾತ್ರ ಅವನು ಆರನೇ ನಂಬರು ತೊಟ್ಟು ಎಡಗಡೆ ಹಿಂದೆ ನಿಂತ. ಮೊದಲ ಆಟದಲ್ಲಿ ಅಭ್ಯಾಸಬಲಕ್ಕೆ ಮುಂದೆ ಮುಂದೆ ಓಡಿ, ಬೆನ್ನ ಹಿಂದೆ ಎರಡು ಗೋಲು ಬಿಟ್ಟುಕೊಟ್ಟ. ಎರಡನೇ ಆಟಕ್ಕೆ ಸ್ವಲ್ಪ ತಡೆದು ನಿಂತ. ಬೆಂಚಿನ ಮೇಲಿದ್ದ ಅತ್ತಿಗೆ ಈಗ ಚೆಂಡು ಕಿತ್ತುಕೊಂಡದ್ದನ್ನು ಎಣಿಸುತ್ತಿರಲಿಲ್ಲ. ಆ ಸಾಲನ್ನು ಹದ್ದಿಗೆ ಒಪ್ಪಿಸಿದ್ದಳು. ಹದ್ದಿಗೆ ಅಷ್ಟರಲ್ಲಿ ಆಟದ ಹುಚ್ಚು ಹಿಡಿದಿತ್ತು. ಭಾನುವಾರವೂ ಬಸ್ಸು ಹಿಡಿದು ಬರುತ್ತಿದ್ದಳು, ಅಂಪೈರ್ ಮೇಲಿನ ಸಿಟ್ಟನ್ನು ಮಾತ್ರ ಬಿಟ್ಟಿರಲಿಲ್ಲ.

ಇಪ್ಪತ್ತನೇ ದಿನ ಮಧ್ಯಾಹ್ನ, ಊಟದ ಬಿಡುವು ಮುಗಿದು ಮೇಜಿನ ದೀಪಗಳು ಹತ್ತಿಕೊಂಡಿದ್ದವು. ಕೊಕ್ಕರೆ ತಪಾಸಣೆ ಕೋಣೆಗೆ ಬಂದು ಅತ್ತಿಗೆಯ ಹಿಂದೆ ನಿಂತ. ಅವಳು ತಿರುಗಲಿಲ್ಲ. ಥಾನು ಜಾರುತ್ತಿತ್ತು. ಒಂದು ಕಡೆ ಸೀಮೆಸುಣ್ಣದ ಗುರುತು ಹಾಕಿದಳು.

“ಅದು ಗಂಟಲ್ಲ” ಎಂದ ಅವನು. ಇಪ್ಪತ್ತು ದಿನದಲ್ಲಿ ಅದೇ ಮೊದಲ ಮಾತು.

“ಗಂಟೇ.”

“ಬೆಳಕಿಗೆ ಹಾಗೆ ಕಾಣುತ್ತೆ.”

“ಮುಟ್ಟಿ ನೋಡು.”

ಅವನು ಬಗ್ಗಿ ಬೆರಳಾಡಿಸಿದ. ಗಂಟೇ ಆಗಿತ್ತು. ಇನ್ನಷ್ಟು ಬಟ್ಟೆ ಜಾರಿತು, ಇನ್ನಷ್ಟು ಗುರುತು ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ತಗ್ಗಿದ ದನಿಯಲ್ಲಿ, “ಮೊಣಕಾಲಿನ ವಿಷಯ ನೀವು ಅವರಿಗೆ ಹೇಳಿಲ್ವಂತೆ. ಕೋಚ್ ಇವತ್ತು ನನ್ನನ್ನೇ ಕೇಳ್ತಿದ್ರು, ಯಾಕೋ ನಿಧಾನ ಆದೆ ಅಂತ” ಎಂದ.

“ಅದು ಮನೆ ಮಾತು.”

“ಹೇಳಿದ್ರೆ ಪಾಪ ಅಂತಾನಾದ್ರೂ ಅಂದುಕೊಳ್ತಿದ್ರು.”

“ಪಾಪ ಅಂತ ತಂಡದಲ್ಲಿ ಇಟ್ಟುಕೊಂಡ್ರೆ ನೀನು ಇರ್ತಿದ್ಯಾ?”

ಥಾನು ಮುಗಿಯಿತು. ಒಟ್ಟು ಹನ್ನೊಂದು ತಪ್ಪು. ಅತ್ತಿಗೆ ಕೊನೆಯ ಮಡಿಕೆಯ ಹೊಲಿಗೆ ಬಿಚ್ಚಿದಳು. ಅವಳ ಭುಜದ ಮೇಲಿಂದ ಕತ್ತು ಚಾಚಿ ಚೀಟಿಯನ್ನು ಅವನೇ ಮೊದಲು ಓದಿದ. ಎಪ್ಪತ್ನಾಲ್ಕು. ಅವನದೇ ಮಗ್ಗ.

ಕೊಕ್ಕರೆ ನಗಲು ಶುರುಮಾಡಿದ. ಮೇಜು ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕ. ಪಕ್ಕದ ಮೇಜಿನಿಂದ ಹದ್ದು ಗಾಬರಿಯಾಗಿ ಬಗ್ಗಿ ನೋಡಿದಳು.

“ಮೊದಲೇ ಗೊತ್ತಿದ್ರೆ ಎಷ್ಟು ಹಾಕ್ತಿದ್ರಿ ಅತ್ತಿಗೆ?”

“ಎಂಟು” ಎಂದಳು ಅತ್ತಿಗೆ. ಅವಳ ಕಣ್ಣಲ್ಲೂ ನೀರು ಬಂದಿತ್ತು, ನಗುವಿನದೋ ಬೇರೆಯದೋ ಅವಳಿಗೇ ತಿಳಿಯಲಿಲ್ಲ. “ಬಹಳ ಅಂದ್ರೆ ಒಂಬತ್ತು.”

“ಮೂರು ಗಂಟು ನುಂಗಿಬಿಡ್ತಿದ್ರಿ.”

“ನುಂಗ್ತಿದ್ದೆ ಕಣೋ. ನನಗೇ ಗೊತ್ತಾಗದ ಹಾಗೆ ನುಂಗ್ತಿದ್ದೆ.”

ಆ ಸಂಜೆ ಊಟಕ್ಕೆ ಕೂತಾಗ ಕೊಕ್ಕರೆ ಕೈ ಚಾಚಿ, “ಅತ್ತಿಗೆ, ಉಪ್ಪು” ಎಂದ. ಅತ್ತೆ ಮೇಲೆ ನೋಡಿ, “ಅಂತೂ ನನ್ನ ಕೆಲಸ ಹೋಯ್ತು” ಎಂದರು.

ಆ ವರ್ಷ ತಂಡ ಗೆಲ್ಲಲಿಲ್ಲ; ಮೂರನೆಯದಾಗಿ ನಿಂತಿತು. ಹೊಸ ಸೆಂಟರ್ ಫಾರ್ವರ್ಡ್ ಉಳಿದ ಆರು ಆಟದಲ್ಲಿ ಏಳು ಗೋಲು ಹೊಡೆದ, ಮ್ಯಾನೇಜರ್ ಅವನ ವಿಷಯದಲ್ಲಿ ಹೇಳಿದ್ದು ಸರಿಯಾಗಿತ್ತು. ಎಡ ಹಾಫ್ ಬ್ಯಾಕ್ ಆಗಿ ಕೊಕ್ಕರೆ ಮುಂದೆ ಏಳು ವರ್ಷ ಆಡಿದ. ಅವನನ್ನು ದಾಟಿ ಹೋಗುವುದು ಎಂದರೆ ಹೊರಗಿನ ತಂಡಗಳಿಗೆ ತಲೆನೋವಾಗಿತ್ತು. ಕಟ್ಟಿದ ಮೊಣಕಾಲಿನಲ್ಲಿ, ಓಡದೆ, ಎಲ್ಲಿ ಬೇಕೋ ಅಲ್ಲಿ ಹೋಗಿ ನಿಂತಿರುತ್ತಿದ್ದ. ಚೆಂಡು ತಾನಾಗಿ ಅವನ ಬಳಿ ಬಂದ ಹಾಗೆ ಕಾಣುತ್ತಿತ್ತು. ಆದರೆ ಆ ಏಳು ವರ್ಷದಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಮನೆಗೆ ಬಂದವರ ಮುಂದೆ ಅಪ್ಪನ ಫೋಟೋ ತೋರಿಸಿ, “ಇವರು ಹೊಡೆದ್ರು, ನಾನು ಬೇರೆಯವರು ಹೊಡೆಯದ ಹಾಗೆ ನೋಡಿಕೊಂಡೆ” ಎನ್ನುತ್ತಿದ್ದ.

ಅವನ ಕೊನೆಯ ಆಟದ ದಿನ ಸಾಲುಮನೆಗಳು ಖಾಲಿಯಾಗಿ ಇಡೀ ಗಿರಣಿಯೇ ಮೈದಾನದ ಸುತ್ತ ನಿಂತಿತ್ತು. ಅತ್ತೆಗೆ ಒಂದು ಕುರ್ಚಿ ಹಾಕಿದ್ದರು. ಚರಂಡಿ ಅವತ್ತು ಹಳದಿ. ತಂಡ ಆಗಲೇ ಮೂರು ಗೋಲು ಮುಂದಿತ್ತು. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋಲ್‌ಕೀಪರ್ ಒಬ್ಬನನ್ನು ಎದುರಿಗಿಟ್ಟುಕೊಂಡು ಏಳು ಹೆಜ್ಜೆಯಿಂದ ಹೊಡೆಯುವ ಅವಕಾಶ. ಹೊಡೆಯಬೇಕಾದ ಹುಡುಗ ಸ್ಟಿಕ್ ಕೆಳಗಿಟ್ಟು ಹಿಂದಕ್ಕೆ ಕೈ ತೋರಿಸಿದ. ತಂಡ ಪೂರ್ತಿ ಕೊಕ್ಕರೆಯತ್ತ ತಿರುಗಿತು. ಜನ ಅವನ ಹೆಸರು ಕೂಗಿದರು. ಅವನು ಬೇಡ ಬೇಡ ಎಂದು ತಲೆಯಾಡಿಸುತ್ತಲೇ ಮುಂದೆ ಬಂದ, ಬಹಳ ನಿಧಾನವಾಗಿ ನಡೆದು ಬಂದ. ಚೆಂಡಿನ ಮುಂದೆ ನಿಂತ.

ಹೊಡೆದ. ಚೆಂಡು ಕಂಬದಿಂದ ಒಂದು ಮೊಳ ಆಚೆ ಹೋಗಿ ನೇರವಾಗಿ ಚರಂಡಿಗೆ ಬಿತ್ತು.

ಎಲ್ಲರಿಗಿಂತ ಮೊದಲು ನಕ್ಕವನು ಕೊಕ್ಕರೆ. ಸ್ಟಿಕ್ಕಿನ ಮೇಲೆ ಭಾರ ಹಾಕಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಆಮೇಲೆ ಇಡೀ ಗಿರಣಿ ನಕ್ಕಿತು. ಅತ್ತೆ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕರು. ಹಳದಿ ಚೆಂಡನ್ನು ಯಾರೋ ಎತ್ತಿ ತಂದು ಅವನ ಕೈಗೆ ಕೊಟ್ಟರು. ಅತ್ತಿಗೆ ಪುಸ್ತಕದಲ್ಲಿ ಅವನ ಸಾಲಿಗೆ ಇರುವುದನ್ನೇ ಬರೆದಳು: ಒಂದು ಹೊಡೆತ, ಏಳು ಹೆಜ್ಜೆ, ಹೊರಗೆ.

ಗಿರಣಿ ಮುಚ್ಚಿ ಈಗ ಬಹಳ ವರ್ಷವಾಯಿತು. ಮೊದಲು ಬಣ್ಣದ ಶೆಡ್ಡು ನಿಂತಿತು, ಚರಂಡಿ ಒಣಗಿತು, ಆಮೇಲೆ ಮಗ್ಗಗಳು ಒಂದೊಂದಾಗಿ ಲಾರಿ ಏರಿದವು. ಮೈದಾನದಲ್ಲಿ ಈಗ ಸಿಮೆಂಟು ಚೀಲಗಳ ಗೋದಾಮಿದೆ. ಅತ್ತಿಗೆಯ ಗಂಡ ತೀರಿಕೊಂಡ. ಕೊಕ್ಕರೆ ಬೇರೆ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟ ಕಲಿಸಿ, ಅದರಿಂದಲೂ ನಿವೃತ್ತನಾದ. ಇನ್ನೂ ಒಂಟಿ ಕಾಲಿನ ಮೇಲೆ ನಿಲ್ಲುತ್ತಾನಂತೆ, ಆದರೆ ಈಗ ಅದು ಅಭ್ಯಾಸವಲ್ಲ, ನೋವು. ಹದ್ದು ಆಗಾಗ ಬಸ್ಸು ಹಿಡಿದು ಬರುತ್ತಾಳೆ. ಇಬ್ಬರು ಮುದುಕಿಯರು ವರಾಂಡದಲ್ಲಿ ಕೂತು ಆ ಹುಡುಗರನ್ನೆಲ್ಲ ನಂಬರಿನಿಂದ ನೆನೆಯುತ್ತಾರೆ: ಮೂರನೆಯವನು ಹೋದ ವರ್ಷ ಹೋದನಂತೆ, ಹತ್ತನೆಯವನಿಗೆ ಮೊಮ್ಮಗಳು ಹುಟ್ಟಿದಳಂತೆ.

ಭಾನುವಾರ ಸಂಜೆ ನಾಲ್ಕಾದರೆ ಅತ್ತಿಗೆಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಕತ್ತಲಾಗುವ ಮೊದಲು ಹಿಂದಿರುಗುತ್ತಾಳೆ.